ಊರಿಗೆ ಜ್ವರ ಬಂದಾಗ

ಉತ್ತರ ಕನ್ನಡದ ಕರಾವಳಿಯವರಿಗೆ ಊರೆಂಬುದು ಇರುವ ಸ್ಥಳಕ್ಕಿಂತ ಹೆಚ್ಚಾಗಿ ಬಿಟ್ಟುಬಂದ ಸ್ಥಳ. ಒಂದು ಕಡೆ ಸಹ್ಯಾದ್ರಿ, ಇನ್ನೊಂದು ಕಡೆ ಕಡಲು. ನಡುವಣ ಕಿರಿದಾದ ನೆಲದಲ್ಲಿ ಹುಟ್ಟಿದವರಿಗೆಲ್ಲ ಅನ್ನ ಹುಟ್ಟುವಷ್ಟು ಗದ್ದೆಯಿಲ್ಲ. ಆದುದರಿಂದ ಕಾರವಾರ, ಅಂಕೋಲೆ, ಕುಮಟೆ, ಹೊನ್ನಾವರ, ಭಟ್ಕಳಗಳಲ್ಲಿ ಮನೆಗೊಬ್ಬನಾದರೂ ಪರಸ್ಥಳದಲ್ಲಿರುವುದು ನಮ್ಮ ಕಡೆಯ ವಾಡಿಕೆ. ಮೊದಲು ಮುಂಬಯಿ, 1956ರ ವರೆಗೆ ನಮ್ಮ ಜಿಲ್ಲೆ ಸೇರಿದ್ದುದೇ ಮುಂಬಯಿ ರಾಜ್ಯಕ್ಕೆ. ಬಳಿಕ ಮಾಜಾಳಿಯ ಗಡಿಯಾಚೆಯ ಗೋವೆ. 1970ರ ದಶಕದಿಂದೀಚೆಗೆ ದುಬಾಯಿ, ಮಸ್ಕತ್, ಕುವೈತ್, ಜೆಡ್ಡಾ. ಅಂಕೋಲೆಯವರಾದ ದಿನಕರ ದೇಸಾಯಿಯವರು ಮುಂಬಯಿಯಲ್ಲಿದ್ದುಕೊಂಡು ಹಡಗಿನ ಕಾರ್ಮಿಕರ ಬದುಕನ್ನು ಕುರಿತು 1940ರಲ್ಲಿ ಇಂಗ್ಲಿಷಿನಲ್ಲಿ ಗ್ರಂಥವನ್ನೇ ಬರೆದರು. ಯಶವಂತ ಚಿತ್ತಾಲರು ಬಾಳಿದ್ದು ಮುಂಬಯಿಯಲ್ಲಿ, ಬರೆದದ್ದು ಬಹುಪಾಲು ಹನೇಹಳ್ಳಿಯನ್ನು. ನಮ್ಮವರ ಕಾಲು ಒಂದು ಕಡೆ, ಕರುಳು ಇನ್ನೊಂದು ಕಡೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಹೀಗೆ ಹೊರಗಿರುವವನಿಗೆ ಒಂದು ನಂಬಿಕೆ ಇರುತ್ತದೆ. ತಾನು ಪರದೇಶದಲ್ಲಿ ಎಷ್ಟೇ ಪಾಡು ಪಡುತ್ತಿರಲಿ, ಊರು ಮಾತ್ರ ಇದ್ದ ಹಾಗೆಯೇ ಇದೆ. ಅಂಗಳ, ಬಾವಿ, ಆಯಿ, ತುಳಸಿಕಟ್ಟೆ ಎಲ್ಲವೂ ಸುಖವಾಗಿವೆ ಎಂಬ ನಂಬಿಕೆ. ಕಷ್ಟವೆಂಬುದು ಪರಸ್ಥಳಕ್ಕೆ ಸೇರಿದ್ದು, ನೆಮ್ಮದಿಯೆಂಬುದು ಊರಿಗೆ ಸೇರಿದ್ದು. ಕೊರೋನಾ ಜಾಡ್ಯವು ಮನುಷ್ಯರ ಶ್ವಾಸಕೋಶಗಳಿಗೆ ಮಾಡಿದ ಹಾನಿಯನ್ನು ವೈದ್ಯರು ಲೆಕ್ಕ ಹಾಕಿದ್ದಾರೆ. ಈ ನಂಬಿಕೆಗೆ ಮಾಡಿದ ಹಾನಿಯನ್ನು ಲೆಕ್ಕ ಹಾಕಿದವರಿಲ್ಲ. ನಾನು ಮೂವತ್ತು ವರುಷ ಅಂಕೋಲೆಯ ಕಡೆ ಮಾಸ್ತರಿಕೆ ಮಾಡಿದವನು. ನನ್ನಲ್ಲಿ ಕಲಿತ ಹುಡುಗರು ಈಗ ಮೂರು ಸಮುದ್ರಗಳ ಆಚೆ ಹಂಚಿಹೋಗಿದ್ದಾರೆ. ಅವರ ಮಾತುಗಳನ್ನು ಕೇಳಿದವನಾದ್ದರಿಂದ ಈ ವಿಷಯದಲ್ಲಿ ನಾಲ್ಕು ಮಾತು ಹೇಳಬಹುದೆಂದು ತೋರುತ್ತದೆ.

ರೋಗವು ಹಾದಿ ಹಿಡಿದು ಬರುವುದು ಹೊಸತೇನಲ್ಲ. 1918ರ ಇನ್‌ಫ್ಲುಯೆಂಜಾ ಜ್ವರ ಮುಂಬಯಿಯ ಬಂದರಿಗೆ ಹಡಗಿನಲ್ಲಿ ಬಂದಿಳಿದು ಅಲ್ಲಿಂದ ದೇಶದೊಳಕ್ಕೆ ಹಬ್ಬಿತು. 'ಕ್ವಾರಂಟೈನ್' ಎಂಬ ಮಾತೂ ಕಡಲಿನದೇ. 1377ರಲ್ಲಿ ರಗುಸಾ ಪಟ್ಟಣದವರು ರೋಗವಿದ್ದ ಕಡೆಯಿಂದ ಬಂದವರನ್ನು ಮೂವತ್ತು ದಿನ ಹೊರಗೇ ನಿಲ್ಲಿಸುವ ಕಟ್ಟಳೆ ಮಾಡಿದರು. ಮುಂದೆ ಅದು ನಲವತ್ತು ದಿನಗಳಾಗಿ, ಇಟಲಿಯವರ ಆ ನಲವತ್ತೇ ಜಗತ್ತಿಗೆಲ್ಲ ಈ ಶಬ್ದವನ್ನು ಕೊಟ್ಟಿತು. ಭಟ್ಕಳವೂ ಹಾಗೆ ಹಳೆಯ ಬಂದರು. ವಿಜಯನಗರದ ಅರಸರಿಗೆ ಅರಬ್ಬಿ ಕುದುರೆಗಳು ಬಂದಿಳಿಯುತ್ತಿದ್ದ ಸ್ಥಳ. ಅಂದು ಆ ತೀರದಿಂದ ಕುದುರೆಗಳು ಬಂದವು, ಇಂದು ಈ ತೀರದಿಂದ ಮಕ್ಕಳು ಹೋಗುತ್ತಾರೆ. ಹೋಗಿಬರುವ ದಾರಿ ತೆರೆದಿರುವಲ್ಲಿ ಲಾಭವೂ ಜ್ವರವೂ ಒಂದೇ ದಾರಿಯಲ್ಲಿ ನಡೆಯುತ್ತವೆ.

2020ರ ಮಾರ್ಚ್ ತಿಂಗಳಲ್ಲಿ ಭಯವು ಹೊರಗಿನಿಂದ ಒಳಕ್ಕೆ ಹರಿಯಿತು. ಆ ತಿಂಗಳ 24ರಂದು ಭಟ್ಕಳದಲ್ಲಿ ಜಿಲ್ಲೆಯ ಮೊದಲ ಸೋಂಕುಗಳು ಪ್ರಕಟವಾದಾಗ ಎಲ್ಲರ ಬಾಯಲ್ಲಿ ಒಂದೇ ಮಾತು: "ದುಬಾಯಿಯಿಂದ ಬಂತಂತೆ." ವಿದೇಶದಿಂದ ಬಂದವರ ಕೈಗೆ ಸರಕಾರ ಮುದ್ರೆಯೊತ್ತಿತು, ಮನೆಯಲ್ಲಿ ಪ್ರತ್ಯೇಕವಾಗಿರಬೇಕಾದವರ ವಿಳಾಸದ ಪಟ್ಟಿಗಳು ಬಹಿರಂಗವಾದವು. ವರುಷಕ್ಕೊಮ್ಮೆ ಬಂದಾಗ ಅತ್ತರಿನ ಶೀಶೆಗಾಗಿ, ಖರ್ಜೂರಕ್ಕಾಗಿ ಎದುರುಗೊಳ್ಳುತ್ತಿದ್ದ ನೆರೆಹೊರೆಯವರು ಈಗ ಅವನ ಕಿಟಕಿಯನ್ನು ಕಾಯತೊಡಗಿದರು. ಆಗ ಪರದೇಶದಲ್ಲಿದ್ದವರ ಮನಸ್ಸಿನಲ್ಲಿದ್ದುದು ನೋವು, ಭಯವಲ್ಲ. ಊರಾದರೂ ಕ್ಷೇಮವಾಗಿರಲಿ, ನಾವು ಬರುವುದೇ ಬೇಡ ಎಂದು ಹಲವರು ತಮ್ಮನ್ನು ತಾವೇ ಸಮಾಧಾನಪಡಿಸಿಕೊಂಡರು.

ಏಪ್ರಿಲ್ ಮುಗಿಯುವ ಹೊತ್ತಿಗೆ ಮೊದಲ ಹಂತದ ರೋಗಿಗಳು ಗುಣಹೊಂದಿ ಜಿಲ್ಲೆ ಉಸಿರಾಡತೊಡಗಿತ್ತು. ಅಷ್ಟರಲ್ಲಿ ಮೇ 8ರಂದು ಒಂದೇ ದಿನ ಭಟ್ಕಳದಲ್ಲಿ ಹನ್ನೆರಡು ಹೊಸ ಸೋಂಕುಗಳು ಕಂಡುಬಂದವು. ಅವರಲ್ಲಿ ಚಿಕ್ಕ ಮಕ್ಕಳೂ ಇದ್ದರು. ಈ ಸಲ ವಿಮಾನವಿರಲಿಲ್ಲ, ದುಬಾಯಿಯ ಹೆಸರಿರಲಿಲ್ಲ. ವಿಮಾನಗಳು ನಿಂತು ಆರು ವಾರಗಳೇ ಸಂದಿದ್ದವು. ಜ್ವರ ಊರಿನೊಳಗೇ, ಒಂದು ಮನೆಯಿಂದ ಅದರ ಬಂಧುಬಳಗಕ್ಕೆ ಹರಿದಿತ್ತು. ಮುಂದೆ ಬಂದ ಸಾವಿರಗಳ ಲೆಕ್ಕದೆದುರು ಹನ್ನೆರಡೆಂಬುದು ಅಲ್ಪ ಸಂಖ್ಯೆ. ಆದರೆ ದೂರದಲ್ಲಿರುವವನಿಗೆ ಸಂಖ್ಯೆಯಲ್ಲಿ ಅಲ್ಪ ಅಧಿಕಗಳಿಲ್ಲ. ಹನ್ನೆರಡು ಎಂದು ಕೇಳಿದವನು ಹದಿಮೂರನೆಯದು ಯಾರ ಮನೆಯೆಂದು ಯೋಚಿಸುತ್ತಾನೆ.

ಆ ದಿನಗಳಲ್ಲಿ ನನ್ನ ದೂರವಾಣಿಗೆ ಬಿಡುವಿರಲಿಲ್ಲ. ಭಟ್ಕಳದ ಹುಡುಗನೊಬ್ಬ ದುಬಾಯಿಯ ದೇರಾದಲ್ಲಿ ಅಂಗಡಿಯ ಲೆಕ್ಕ ಬರೆಯುತ್ತಾನೆ. ಅವನಿದ್ದ ಅಲ್ ರಾಸ್ ಭಾಗವನ್ನೇ ಅಲ್ಲಿಯ ಸರಕಾರ ಮಾರ್ಚ್ 31ರಿಂದ ಕೆಲಕಾಲ ಪೂರ್ತಿ ಮುಚ್ಚಿತ್ತು. ಒಂದು ಕೋಣೆಯಲ್ಲಿ ಎಂಟು ಜನ, ಒಂದರ ಮೇಲೊಂದು ಮಂಚ, ಅಡಿಗೆಮನೆ ಮೂರು ಕೋಣೆಗೆ ಒಂದು. ಆಗ ಅವನು ನಗುತ್ತಲೇ ಮಾತಾಡಿದ್ದ. ಮೇ ತಿಂಗಳಲ್ಲಿ ಅದೇ ಹುಡುಗನ ಧ್ವನಿ ನಡುಗುತ್ತಿತ್ತು. "ಮಾಸ್ತರೆ, ಇಲ್ಲಿ ನನಗೆ ಬಂದರೆ ನನಗೆ ಗೊತ್ತಾಗುತ್ತದೆ. ಅಲ್ಲಿ ಅಮ್ಮನಿಗೆ ಬಂದರೆ ನನಗೆ ಯಾರು ಹೇಳುತ್ತಾರೆ? ಅವರು ಹೇಳುವುದಿಲ್ಲ" ಎಂದ. ಆ ಮಾತಿನಲ್ಲಿ ಸತ್ಯವಿತ್ತು. ನಮ್ಮ ಮನೆಗಳಲ್ಲಿ ದೂರದ ಮಗನಿಗೆ ಕೆಟ್ಟ ಸುದ್ದಿ ಹೇಳಬಾರದೆಂಬುದೇ ಪ್ರೀತಿಯ ಮೊದಲ ಪಾಠ. ಮಗನೂ ಅದೇ ಪಾಠ ಕಲಿತವನು. ಸಂಬಳ ಅರ್ಧವಾದುದನ್ನು ಅವನೂ ಮನೆಗೆ ತಿಳಿಸಿರಲಿಲ್ಲ. ಹೀಗೆ ಎರಡು ತೀರಗಳವರೂ "ನಾವು ಆರಾಮ" ಎಂದು ಒಬ್ಬರಿಗೊಬ್ಬರು ಹೇಳುತ್ತ, ಒಬ್ಬರೂ ನಂಬದೆ ದಿನ ಕಳೆದರು.

ಅಂಕೋಲೆಯ ಇನ್ನೊಬ್ಬನದು ಮಸ್ಕತ್ತಿನಲ್ಲಿ ಕೆಲಸ. ವೈಶಾಖದ ಬಂಡಿಹಬ್ಬಕ್ಕೆ ವರುಷವೂ ರಜೆ ಹೊಂದಿಸಿಕೊಂಡು ಬರುವವನು. ಆ ವರುಷ ಜಾತ್ರೆಗೆ ಜನ ಸೇರುವಂತಿರಲಿಲ್ಲ, ಅವನಿಗೆ ಬರುವ ದಾರಿಯೂ ಇರಲಿಲ್ಲ. ಅವನು ದಿನಕ್ಕೆ ನಾಲ್ಕು ಸಲ ಮನೆಗೆ ಕರೆದು ಕಷಾಯ ಕುಡಿದಿರಾ, ಬಾಗಿಲು ಹಾಕಿದಿರಾ, ಮೀನು ಮಾರುವವಳನ್ನು ಅಂಗಳಕ್ಕೆ ಬಿಟ್ಟಿರಾ ಎಂದು ವಿಚಾರಿಸುತ್ತಿದ್ದನಂತೆ. ಅವನ ತಂದೆ ನನ್ನೊಡನೆ, "ರೋಗಕ್ಕಿಂತ ಇವನ ಫೋನಿನ ಕಾಟವೇ ಹೆಚ್ಚಾಯಿತು" ಎಂದು ನಕ್ಕರು. ನಗುವ ಮಾತೇ ಹೌದು. ಆದರೆ ಎರಡು ಸಾವಿರ ಕಿಲೋಮೀಟರ್ ಆಚೆ ನಿಂತವನಿಗೆ ಮಾಡಲು ಉಳಿದಿರುವುದಾದರೂ ಏನು? ಹತ್ತಿರವಿರುವವನು ಕೈಯಿಂದ ಸೇವೆ ಮಾಡುತ್ತಾನೆ. ದೂರವಿರುವವನು ಕಟ್ಟಪ್ಪಣೆಯಿಂದ ಮಾಡುತ್ತಾನೆ. ಹಣ ಕಳಿಸುವುದು, ಅಕ್ಕಿ ಬೇಳೆ ಹಂಚಲು ಸಂಘ ಕಟ್ಟುವುದು, ಸುಳ್ಳು ಸುದ್ದಿಯನ್ನೂ ನಿಜ ಸುದ್ದಿಯನ್ನೂ ಒಂದೇ ವೇಗದಲ್ಲಿ ಊರಿಗೆ ರವಾನಿಸುವುದು, ಎಲ್ಲವೂ ಕೈ ಕಟ್ಟಿಹೋದವನ ಚಡಪಡಿಕೆಯೇ.

ಇನ್ನೊಂದು ಸಂಗತಿಯನ್ನು ಹೇಳದೆ ಬಿಡಲಾಗದು. ಊರಿನ ಹೆಸರು ದಿನವೂ ರೋಗದ ವರದಿಯಲ್ಲಿ ಬರತೊಡಗಿದರೆ ಹೆಸರಿಗೇ ಸೋಂಕು ತಗಲುತ್ತದೆ. "ನಾನು ಭಟ್ಕಳ ಬಿಟ್ಟು ಎರಡು ವರುಷವಾಯಿತು, ಆದರೂ ಪತ್ರಿಕೆ ನೋಡಿದ ಜೊತೆಗಾರರು ನನ್ನಿಂದ ಎರಡು ಮಾರು ದೂರ ಕುಳಿತರು" ಎಂದು ದೇರಾದ ಹುಡುಗ ಹೇಳಿದ. ಮಾರ್ಚಿನಲ್ಲಿ ಅವನು ದುಬಾಯಿಯವನೆಂದು ಊರಿಗೆ ಬೇಡವಾಗಿದ್ದ. ಮೇ ತಿಂಗಳಲ್ಲಿ ಊರಿನವನೆಂದು ದುಬಾಯಿಗೆ ಬೇಡವಾದ. ಎರಡು ಕಡೆಯೂ ಅವನು ಹೊರಗಿನವನು. ಪರಸ್ಥಳದ ಬದುಕಿನ ತಿರುಳು ಇದೇ. ಸೋಂಕು ಅದನ್ನು ಬಯಲಿಗೆ ತಂದಿತು, ಅಷ್ಟೆ.

ಈ ಕತ್ತಲೆಯಲ್ಲಿ ಮನಸ್ಸಿಗೆ ಹಿತವೆನಿಸಿದ ಒಂದು ಸಂಗತಿಯೂ ಉಂಟು. ಕಾರವಾರದ ದಕ್ಷಿಣಕ್ಕೆ ನೌಕಾನೆಲೆಗಾಗಿ ಸಾವಿರಾರು ಕುಟುಂಬಗಳು ನೆಲ ಬಿಟ್ಟವು. 1986ರಲ್ಲಿ ಅಡಿಗಲ್ಲು ಬಿದ್ದು, 2005ರಲ್ಲಿ ನೆಲೆ ಕಾರ್ಯಾರಂಭ ಮಾಡಿತು. ಅಂದಿನಿಂದ ಆ ಎತ್ತರದ ಗೋಡೆ ನಮ್ಮ ಜನರಿಗೆ ಪರಕೀಯವಾಗಿಯೇ ಉಳಿದಿತ್ತು. ಸೋಂಕಿನ ಮೊದಲ ದಿನಗಳಲ್ಲಿ ಆ ಗೋಡೆಯೊಳಗಿನ ಪತಂಜಲಿ ಆಸ್ಪತ್ರೆ ಭಟ್ಕಳದ ರೋಗಿಗಳಿಗೆ ಬಾಗಿಲು ತೆರೆಯಿತು. ಸ್ವಂತ ನೆರೆಯವರೇ ಬಾಗಿಲು ಹಾಕಿಕೊಂಡ ದಿನಗಳಲ್ಲಿ, ನೂರಿಪ್ಪತ್ತು ಕಿಲೋಮೀಟರ್ ಆಚೆಯ ನಾವಿಕರ ವೈದ್ಯರು ಅವರನ್ನು ಬರಮಾಡಿಕೊಂಡರು. ದುಬಾಯಿಯ ಹುಡುಗರು ಆ ಸುದ್ದಿಯನ್ನು ಒಬ್ಬರಿಗೊಬ್ಬರು ಹೇಳಿ ಹೇಳಿ ಸಮಾಧಾನಪಟ್ಟರು. ಊರಿನಲ್ಲಿ ತಮ್ಮವರನ್ನು ಮುಟ್ಟುವವರು ಯಾರಾದರೂ ಇದ್ದಾರೆ ಎಂಬುದೇ ಅವರಿಗೆ ಬೇಕಾಗಿದ್ದ ಸುದ್ದಿ.

ಬಳಿಕ ಮರಳುವಿಕೆ ಆರಂಭವಾಯಿತು. ಮೇ 7ರಿಂದ ಸರಕಾರದ 'ವಂದೇ ಭಾರತ್' ವಿಮಾನಗಳು ಹಾರತೊಡಗಿ, 12ರಂದು ದುಬಾಯಿಯ ಮೊದಲ ವಿಮಾನ ಮಂಗಳೂರಿಗೆ ಬಂದಿಳಿಯಿತು. ಅದರಲ್ಲಿ ಬಂದ ಹಲವರಲ್ಲಿ ಸೋಂಕು ಕಂಡಾಗ ಕರಾವಳಿಯ ಭಯ ಮತ್ತೆ ಇಮ್ಮಡಿಯಾಯಿತು. ಇತ್ತ ಮುಂಬಯಿಯವರೂ ಹೊರಟರು; ಅಲ್ಲಿಯ ಚಾಳುಗಳಲ್ಲಿ ಅನ್ನಕ್ಕೂ ಉಸಿರಿಗೂ ತತ್ವಾರ ಬಂದಿತ್ತು. ಮೇ 18ರಂದು ರಾಜ್ಯ ಸರಕಾರ ಮಹಾರಾಷ್ಟ್ರವೂ ಸೇರಿದಂತೆ ನಾಲ್ಕು ರಾಜ್ಯಗಳಿಂದ ಬರುವವರನ್ನು ತಿಂಗಳ ಕೊನೆಯ ವರೆಗೆ ತಡೆಯಲು ನಿರ್ಧರಿಸಿತು. ಅದಕ್ಕೆ ಮೊದಲೇ ಬಂದ ಕುಟುಂಬಗಳನ್ನು ಶಾಲೆಗಳಲ್ಲಿ, ವಿದ್ಯಾರ್ಥಿನಿಲಯಗಳಲ್ಲಿ ಇರಿಸಲಾಯಿತು. ನಮ್ಮ ಸಮೀಪದ ಹಳ್ಳಿಯೊಂದರಲ್ಲಿ ಇಂಥ ಶಾಲೆಯ ಮುಂದೆ ನಿಂತು, ಇವರನ್ನು ಇಲ್ಲಿಂದ ಸಾಗಿಸಿರಿ ಎಂದು ಕೆಲವರು ಗಲಾಟೆ ಮಾಡಿದರು. ಆ ಶಾಲೆಯ ಎರಡು ಕೋಣೆಗಳಿಗೆ ಹಣ ಕೊಟ್ಟವರು ಮುಂಬಯಿಯಲ್ಲಿರುವ ಅದೇ ಹಳ್ಳಿಯವರು. ಗೋಡೆಯ ಮೇಲಿನ ದಾನಿಗಳ ಪಟ್ಟಿಯಲ್ಲಿ ಒಳಗೆ ಕುಳಿತಿದ್ದವನೊಬ್ಬನ ತಂದೆಯ ಹೆಸರಿತ್ತು. ಅವನು ಜಗಳಕ್ಕೆ ಹೋಗಲಿಲ್ಲ. ಹದಿನಾಲ್ಕು ದಿನ ಆ ಹೆಸರಿನ ಕೆಳಗೆ ಚಾಪೆ ಹಾಸಿ ಮಲಗಿ, ಆಮೇಲೆ ಮನೆಗೆ ನಡೆದ. ಗಲಾಟೆ ಮಾಡಿದವರು ದುಷ್ಟರೆಂದು ನಾನು ಹೇಳಲಾರೆ. ಅವರ ಮನೆಗಳಲ್ಲೂ ಮುದುಕರಿದ್ದರು. ಆದರೆ ಹಣ ಬರುವ ದಾರಿಯನ್ನು ತೆರೆದಿಟ್ಟು ಮನುಷ್ಯ ಬರುವ ದಾರಿಯನ್ನು ಮುಚ್ಚುವುದು ಯಾವ ನ್ಯಾಯ?

2021ರ ಏಪ್ರಿಲಿನಲ್ಲಿ ಎರಡನೆಯ ಅಲೆ ಎದ್ದಾಗ ಆಟವೇ ತಿರುಗಿತು. ಈಗ ಬಾಗಿಲು ಮುಚ್ಚಿದವರು ಅತ್ತಲಿನವರು. ಏಪ್ರಿಲ್ 24ರಿಂದ ಸಂಯುಕ್ತ ಅರಬ್ ಎಮಿರೇಟ್ಸ್ ಭಾರತದಿಂದ ಬರುವವರನ್ನು ತಡೆಯಿತು; ಕುವೈತ್, ಓಮಾನ್‌ಗಳೂ ಅದೇ ಹೊತ್ತಿಗೆ ತಡೆದವು. ರಜೆಯ ಮೇಲೆ ಬಂದಿದ್ದವರು ಊರಿನಲ್ಲೇ ಸಿಕ್ಕಿಬಿದ್ದರು. ಆಗಸ್ಟ್ 5ರಂದು ಎಮಿರೇಟ್ಸ್ ತನ್ನಲ್ಲಿ ಲಸಿಕೆ ಪಡೆದ ನಿವಾಸಿಗಳಿಗೆ ಮೊದಲು ದಾರಿ ಬಿಟ್ಟಿತು. ಅಲ್ಲಿಯ ವರೆಗೆ ವೀಸಾದ ಅವಧಿಯನ್ನೂ ಕೆಲಸದ ಆಸೆಯನ್ನೂ ದಿನ ದಿನ ಎಣಿಸುತ್ತ ಕುಳಿತವರನ್ನು ನಾನು ಕಂಡಿದ್ದೇನೆ. ಲಸಿಕೆಯಲ್ಲೂ ಪೇಚು: ಕೋವಿಶೀಲ್ಡಿನ ಎರಡು ಚುಚ್ಚುಮದ್ದುಗಳಿಗೆ 84 ದಿನಗಳ ಅಂತರವಿದ್ದುದನ್ನು, ಹೊರದೇಶಕ್ಕೆ ಹೋಗುವವರಿಗೆ 28 ದಿನಕ್ಕೆ ಇಳಿಸಬೇಕಾಯಿತು, ಕೋವ್ಯಾಕ್ಸಿನ್ ಹಾಕಿಸಿಕೊಂಡವರು ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆಗಾಗಿ ನವೆಂಬರಿನ ವರೆಗೆ ಕಾಯಬೇಕಾಯಿತು. ಊರಿಗೆ ಬರಲಾಗದೆ ಅತ್ತವರು ಹಿಂದಿನ ವರುಷ. ಊರಿನಿಂದ ಹೋಗಲಾಗದೆ ಅತ್ತವರು ಈ ವರುಷ.

ಅದೇ ದಿನಗಳಲ್ಲಿ, ಮೇ 5ರಂದು, ನೌಕಾದಳದ 'ತಲವಾರ್' ಹಡಗು ಬಹರೈನಿನಿಂದ 54 ಟನ್ ದ್ರವರೂಪದ ಆಮ್ಲಜನಕವನ್ನು ಮಂಗಳೂರಿಗೆ ತಂದಿಳಿಸಿತು. ಕೊಲ್ಲಿಯಿಂದ ನಮ್ಮ ತೀರಕ್ಕೆ ಕುದುರೆ ಬಂದ ಕಾಲವುಂಟು, ಚಿನ್ನ ಬಂದ ಕಾಲವುಂಟು. ಉಸಿರೇ ಬಂದ ಕಾಲವನ್ನು ನಾವು ಕಂಡೆವು. ಕುವೈತಿನಲ್ಲಿದ್ದ ನನ್ನ ಶಿಷ್ಯನೊಬ್ಬನ ತಂದೆಗೆ ಆ ಉಸಿರೂ ಒದಗಲಿಲ್ಲ. ಅವನು ಅಂತ್ಯಕ್ರಿಯೆಯನ್ನು ಅಂಗೈಯಗಲದ ಪರದೆಯಲ್ಲಿ ನೋಡಿದ. ತಮ್ಮನ ಕೈ ನಡುಗಿ ಚಿತ್ರ ಅಲುಗುತ್ತಿತ್ತಂತೆ, ಹೊಗೆಯಷ್ಟೇ ಕಂಡಿತಂತೆ. "ನಾನು ಹೋಗಿದ್ದರೆ ಕೆಲಸ ಹೋಗುತ್ತಿತ್ತು, ಹೋಗದೆ ಅಪ್ಪ ಹೋದರು" ಎಂದು ಅವನು ಬರೆದ ಪತ್ರಕ್ಕೆ ಏನು ಉತ್ತರ ಬರೆಯಬೇಕೆಂದು ನನಗೆ ಬಹುದಿನ ಹೊಳೆಯಲಿಲ್ಲ. ಕೊನೆಗೆ, ಅಪ್ಪನ ಔಷಧಿಗೆ ಹಣ ಬಂದದ್ದೂ ಆ ಕೆಲಸದಿಂದಲೇ ಎಂದು ಬರೆದೆ.

ವಿದ್ಯಾರ್ಥಿಗಳೂ ಉಪಾಧ್ಯಾಯರೂ ಈ ಎಲ್ಲವನ್ನು ಕೇವಲ ವೈದ್ಯಶಾಸ್ತ್ರದ ಇತಿಹಾಸವಾಗಿ ಓದಬಾರದೆಂಬುದು ನನ್ನ ಬಿನ್ನಹ. ಅಂತರವಿಡುವುದು ಬೇಕಾಗಿತ್ತು, ಪ್ರತ್ಯೇಕವಾಸವೂ ಬೇಕಾಗಿತ್ತು. ರಗುಸಾದವರು ತಮ್ಮ ಕಟ್ಟಳೆ ಮಾಡಿದಾಗ ಬಂದವನನ್ನು ಹಿಂದಕ್ಕೆ ಅಟ್ಟಲಿಲ್ಲ. ಮೂವತ್ತು ದಿನ ಇದ್ದು ಒಳಗೆ ಬಾ ಎಂದರು. ದಿನಗಳಿಗೆ ಎಣಿಕೆ ಇರುವುದರಲ್ಲೇ ಆ ಪದ್ಧತಿಯ ಮಾನವೀಯತೆ ಇದೆ: ಇಂದು ತಡೆದವನನ್ನು ಇಂಥ ದಿನ ಬರಮಾಡಿಕೊಳ್ಳುತ್ತೇವೆ ಎಂಬ ಮಾತು ಅದರೊಳಗಿದೆ. ಆ ಮಾತನ್ನು ಕಿತ್ತುಹಾಕಿದರೆ ಉಳಿಯುವುದು ಬರೀ ಬಹಿಷ್ಕಾರ. ಮುಂದೆ ಇನ್ನೊಂದು ಜ್ವರ ಬರದೆಂದು ಯಾರೂ ಹೇಳಲಾರರು. ಮಾಜಾಳಿಯ ಗಡಿಯಲ್ಲೋ ಮಂಗಳೂರಿನ ವಿಮಾನ ನಿಲ್ದಾಣದಲ್ಲೋ ನಮ್ಮವನೊಬ್ಬನು ಮತ್ತೆ ಪೆಟ್ಟಿಗೆ ಹಿಡಿದು ನಿಂತಾಗ, ಅವನಿಗೆ ಕಾಯಬೇಕಾದ ದಿನಗಳ ಲೆಕ್ಕವನ್ನು ಹೇಳೋಣ. ಜೊತೆಗೆ, ಆ ದಿನಗಳಲ್ಲಿ ಅವನಿಗೆ ಗಂಜಿ ತರುವವರು ಯಾರೆಂಬುದನ್ನೂ ಹೇಳೋಣ.