ಉಮ್ಮನಲ್ಲಿ ‘ಹೇಗಿದ್ದೀರಿ’ ಎಂದಷ್ಟೇ ಕೇಳಿದರೆ ಸಾಕೇ?

ಬಂಟ್ವಾಳ, ಬೆಳ್ತಂಗಡಿ ಕಡೆಯ ಹಳ್ಳಿಗಳಲ್ಲಿ ನಮ್ಮ ಎಷ್ಟೋ ಮನೆಗಳಲ್ಲೀಗ ವಯಸ್ಸಾದ ಉಮ್ಮ, ಉಪ್ಪ ಮಾತ್ರ. ಮಕ್ಕಳು ದುಬೈ, ಜುಬೈಲ್, ಬೆಂಗಳೂರಲ್ಲಿ. ದಿನಾ ವೀಡಿಯೊ ಕಾಲ್ ಬರುತ್ತದೆ. “ಹೇಗಿದ್ದೀರಿ ಉಮ್ಮಾ?” ಎಂದರೆ “ಅಲ್‌ಹಮ್ದುಲಿಲ್ಲಾಹ್, ಸುಖ” ಎಂಬ ಉತ್ತರ. ದೂರದ ಮಕ್ಕಳಿಗೆ ಚಿಂತೆ ಬೇಡ ಅಂತ ನೋವು ನುಂಗುವವರೂ ಇದ್ದಾರೆ. ಆದ್ದರಿಂದ ನಾವು ಕೇಳುವ ಪ್ರಶ್ನೆಯೇ ಬದಲಾಗಬೇಕು.

ಹಿರಿಯರ ತಪಾಸಣೆಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸರಳ ಕೈಪಿಡಿಯೊಂದನ್ನು ಕೊಟ್ಟಿದೆ. ಮೂರು ತಿಂಗಳಲ್ಲಿ ತನ್ನಿಂತಾನೇ 3 ಕೆ.ಜಿ.ಗಿಂತ ಹೆಚ್ಚು ತೂಕ ಇಳಿದಿದೆಯೇ? ಊಟ ಸೇರುತ್ತಿಲ್ಲವೇ? ಕೈ ಊರದೆ ಕುರ್ಚಿಯಿಂದ 5 ಸಲ ಏಳಲು 14 ಸೆಕೆಂಡಿಗಿಂತ ಹೆಚ್ಚು ಬೇಕೇ? ಹೇಳಿಕೊಟ್ಟ ಮೂರು ಪದ ಸ್ವಲ್ಪ ಹೊತ್ತಿನ ಬಳಿಕ ಮರೆತುಹೋಗಿದೆಯೇ? ಕಣ್ಣು, ಕಿವಿ ಮಂದವಾಗಿದೆಯೇ? ಎರಡು ವಾರದಿಂದ ಮನಸ್ಸು ಕುಗ್ಗಿದೆಯೇ? ಒಂದಕ್ಕೆ ‘ಹೌದು’ ಎಂದರೂ ವೈದ್ಯರಿಗೆ ತೋರಿಸಬೇಕು. ಕುರ್ಚಿ ಪರೀಕ್ಷೆ ಮಾಡುವಾಗ ಪಕ್ಕದಲ್ಲಿ ಒಬ್ಬರು ಇರಲಿ.

ಬಿಪಿ, ಶುಗರ್ ಏರಿದರೂ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. “ಈಗ ಆರಾಮಿದೆ” ಅಂತ ಮಾತ್ರೆ ಬಿಡುವುದೇ ಅಪಾಯ. ಶುಗರ್ ಇರುವವರು ರಮಝಾನ್‌ಗೆ ಒಂದೆರಡು ತಿಂಗಳು ಮೊದಲೇ ವೈದ್ಯರನ್ನು ಕಾಣಲಿ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳ, ಒದ್ದೆ ಬಚ್ಚಲು ಬೀಳಿಸುವ ಜಾಗಗಳು.

ನಮ್ಮ ಜಮಾಅತಿನ ಯುವಕರು ಒಂಟಿ ಹಿರಿಯರ ಮನೆಗಳ ಪಟ್ಟಿ ಮಾಡಲಿ. ಅವರ ಮಾತ್ರೆಗಳ ಚೀಟಿ, ಮಕ್ಕಳ ನಂಬರ್, ಆ್ಯಂಬುಲೆನ್ಸಿನ 108, ಹಿರಿಯರ ಸಹಾಯವಾಣಿ 14567 ಗೋಡೆಯಲ್ಲಿರಲಿ. ಆಶಾ ಕಾರ್ಯಕರ್ತೆಗೂ ತಿಳಿಸೋಣ. ಮಕ್ಕಳು ಹಣ ಕಳಿಸಬಹುದು. ರಾತ್ರಿ ಎದೆನೋವು ಬಂದರೆ ವಾಹನ ತರಬೇಕಾದವರು ನೆರೆಮನೆಯ ನಾವೇ.