ಮಕ್ಕಳ ಮನಶ್ಚಿಕಿತ್ಸೆ: ಮನೆಯವರು ಮೊದಲೇ ತಿಳಿದಿರಬೇಕಾದುದು

ಸೋಮವಾರ ಬೆಳಗಾಯಿತೆಂದರೆ ಹೊಟ್ಟೆನೋವೆಂದು ಮಲಗುವ, ಶಾಲೆಯ ವೇಳೆ ಮೀರಿದೊಡನೆ ಚೇತರಿಸಿಕೊಳ್ಳುವ ಮಗುವಿನ ವಿಷಯದಲ್ಲಿ ಮನೆಯವರು ಸಾಮಾನ್ಯವಾಗಿ ಎರಡರಲ್ಲೊಂದು ತೀರ್ಮಾನಕ್ಕೆ ಬರುತ್ತಾರೆ: ಮಗು ನಟಿಸುತ್ತಿದೆ, ಇಲ್ಲವೇ ವೈದ್ಯರಿಗೆ ರೋಗ ತಿಳಿದಿಲ್ಲ. ಮೂರನೆಯ ಸಾಧ್ಯತೆಯೂ ಉಂಟು. ಮಾತಿನಲ್ಲಿ ಹೇಳಲಾರದ ಭಯ, ದುಃಖ, ಅವಮಾನಗಳು ಎಳೆಯರಲ್ಲಿ ಅನೇಕ ವೇಳೆ ದೇಹದ ನೋವಾಗಿ ಕಾಣಿಸಿಕೊಳ್ಳುತ್ತವೆ. ಆ ನೋವು ನಿಜವಾದುದೇ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು 13ರಿಂದ 17 ವರ್ಷದವರಲ್ಲಿ ಶೇಕಡಾ 7.3ರಷ್ಟು ಮಂದಿಯಲ್ಲಿ ಮಾನಸಿಕ ತೊಂದರೆಗಳನ್ನು ಗುರುತಿಸಿತು.

ಚೆನ್ನೈನ ವೆಸ್ಟ್ ಮಾಂಬಲಂನಲ್ಲಿ ನೆಲೆಸಿರುವ ಒಂದು ಕನ್ನಡ ಕುಟುಂಬದಲ್ಲಿ ಇಂತಹ ಮಗುವಿದೆಯೆಂದು ಭಾವಿಸೋಣ. ಅಜ್ಜಿಯೊಡನೆ ಕನ್ನಡ, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷ್. ತಜ್ಞರಲ್ಲಿಗೆ ಹೋಗಬೇಕೆಂದು ತಾಯಿ ಹೇಳಿದರೆ, ಊರಿನಲ್ಲಿ ತಿಳಿದರೆ ಗತಿಯೇನೆಂದು ಅಜ್ಜಿಗೆ ಚಿಂತೆ. ತಂದೆಗೆ ಬಿಡುವಿಲ್ಲ. ಕೊನೆಗೆ ತಾಯಿಯೊಬ್ಬಳೇ ಮಗುವನ್ನು ಕರೆದೊಯ್ಯುತ್ತಾಳೆ. ಅನೇಕ ಚಿಕಿತ್ಸೆಗಳು ಎರಡು ಮೂರು ಭೇಟಿಗಳಲ್ಲೇ ನಿಂತುಹೋಗುವುದಕ್ಕೆ ಈ ಆರಂಭವೇ ಕಾರಣ.

ಮನಶ್ಚಿಕಿತ್ಸೆಯೆಂಬುದು ಕೆಟ್ಟ ಗಡಿಯಾರವನ್ನು ರಿಪೇರಿಗೆ ಕೊಟ್ಟು ಬಂದಂತಲ್ಲ. ಮಗುವಿನ ತೊಂದರೆಗೆ ಮನೆಯೇ ಕಾರಣವೆಂದು ಇದರ ಅರ್ಥವಲ್ಲ. ಗುಣವಾಗುವುದು ಮಾತ್ರ ಬಹುಪಾಲು ಮನೆಯಲ್ಲಿಯೇ. ವಾರಕ್ಕೊಮ್ಮೆ ಮುಕ್ಕಾಲು ಗಂಟೆ ತಜ್ಞರೊಡನೆ ಕಳೆಯುವ ಮಗು ಉಳಿದ ಹೊತ್ತನ್ನೆಲ್ಲ ಕಳೆಯುವುದು ಮನೆಯವರೊಡನೆ, ಶಾಲೆಯೊಡನೆ. ನಮ್ಮ ದೇಶದ ವೈದ್ಯರು ಇದನ್ನು ಬಹಳ ಹಿಂದೆಯೇ ಮನಗಂಡಿದ್ದರು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳ ಮನೆಯವರನ್ನು ಆಸ್ಪತ್ರೆಯ ಆವರಣದಲ್ಲೇ ಡೇರೆಗಳಲ್ಲಿ ಇರಿಸಿಕೊಂಡು ಚಿಕಿತ್ಸೆಯಲ್ಲಿ ಪಾಲ್ಗೊಳ್ಳುವಂತೆ ಮಾಡಿದರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಕುಟುಂಬ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಆದುದರಿಂದ ಮೊದಲ ಭೇಟಿಗೆ ತಂದೆತಾಯಿ ಇಬ್ಬರೂ ಹೋಗುವುದು ಲೇಸು. ಮನೆಯಲ್ಲಿ ಅಜ್ಜಿಯ ಮಾತು ನಡೆಯುವುದಾದರೆ ಅವರನ್ನೂ ಯಾವುದಾದರೊಂದು ಭೇಟಿಗೆ ಕರೆದೊಯ್ಯಬೇಕು.

ಮಗುವಿಗೆ ಸುಳ್ಳು ಹೇಳಿ ಕರೆದೊಯ್ಯುವುದು ಸಲ್ಲದು. ಬೀಚಿಗೆ ಹೋಗೋಣವೆಂದು ಹೊರಡಿಸಿ ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿದರೆ ಮಗುವಿನ ನಂಬಿಕೆ ಅಲ್ಲಿಯೇ ಮುರಿಯುತ್ತದೆ. “ನಿನಗೆ ಕಷ್ಟವಾಗುತ್ತಿದೆ, ನಮಗೂ ಏನು ಮಾಡಬೇಕೆಂದು ತಿಳಿಯುತ್ತಿಲ್ಲ, ತಿಳಿದವರನ್ನು ಕೇಳೋಣ” ಎಂದರೆ ಸಾಕು. ಆರಂಭದ ಭೇಟಿಗಳಲ್ಲಿ ತಜ್ಞರು ಹೆರಿಗೆ, ಬೆಳವಣಿಗೆ, ನಿದ್ರೆ, ಓದು, ಮನೆಯ ಜಗಳಗಳವರೆಗೂ ವಿಚಾರಿಸುತ್ತಾರೆ. ಎಳೆಯ ಮಕ್ಕಳೊಡನೆ ಆಟವಾಡುತ್ತಾರೆ, ಚಿತ್ರ ಬರೆಸುತ್ತಾರೆ. “ಇಷ್ಟು ಹಣ ಕೊಟ್ಟು ಆಡಿಸುವುದೇ?” ಎಂದು ಬೇಸರಪಡುವವರುಂಟು. ಆದರೆ ಆಟವೇ ಆ ವಯಸ್ಸಿನ ಭಾಷೆ.

ಹದಿಹರೆಯದವರ ವಿಷಯದಲ್ಲಿ ಮನೆಯವರನ್ನು ಹೆಚ್ಚು ಕಾಡುವುದು ಗೋಪ್ಯತೆಯ ಪ್ರಶ್ನೆ. ತಜ್ಞರು ಮಗುವಿನೊಡನೆ ಪ್ರತ್ಯೇಕವಾಗಿ ಮಾತನಾಡುತ್ತಾರೆ. ಅಲ್ಲಿ ಆಡಿದ್ದೆಲ್ಲವನ್ನೂ ಪಾಲಕರಿಗೆ ಒಪ್ಪಿಸುವುದಿಲ್ಲ. ಒಪ್ಪಿಸುವುದಾದರೆ ಮಗು ಬಾಯಿ ಬಿಡುವುದೇ ಇಲ್ಲ. ಮಗುವಿನ ಪ್ರಾಣಕ್ಕೆ ಅಥವಾ ಇತರರಿಗೆ ಅಪಾಯವಿದ್ದಲ್ಲಿ ಮಾತ್ರ ಮೌನ ಮುರಿಯಲೇಬೇಕಾಗುತ್ತದೆ. ಲೈಂಗಿಕ ದೌರ್ಜನ್ಯದ ಸಂಗತಿ ತಿಳಿದುಬಂದರೆ 2012ರ ಪೋಕ್ಸೋ ಕಾಯಿದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಯಾವುದು ಗೋಪ್ಯ, ಯಾವುದನ್ನು ಮನೆಯವರಿಗೆ ತಿಳಿಸಲಾಗುವುದು ಎಂಬುದನ್ನು ಮೊದಲ ದಿನವೇ, ಮಗುವಿನ ಎದುರಿನಲ್ಲಿಯೇ ಕೇಳಿ ಸ್ಪಷ್ಟಪಡಿಸಿಕೊಳ್ಳಬೇಕು. ಊರಿಗೆ ತಿಳಿಯುವುದೆಂಬ ಅಜ್ಜಿಯ ಭಯಕ್ಕೂ ಉತ್ತರವಿದೆ: 2018ರಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ಚಿಕಿತ್ಸೆಯ ವಿವರಗಳು ಗೋಪ್ಯವಾಗಿ ಉಳಿಯುವ ಹಕ್ಕನ್ನು ನೀಡಿದೆ.

ಹೊರನಾಡ ಕನ್ನಡಿಗರಿಗೆ ಭಾಷೆಯ ತೊಡಕೊಂದು ಹೆಚ್ಚಿನದು. ಮನೆಯ ಹಿರಿಯರಿಗೆ ತಜ್ಞರ ತಮಿಳು ಪೂರ್ತಿ ತಿಳಿಯದಿದ್ದಾಗ ಮಗುವನ್ನೇ ದುಭಾಷಿಯಾಗಿಸುವುದುಂಟು. ಇದು ತಪ್ಪು. ತನ್ನ ಮೇಲಿನ ದೂರನ್ನು ತಾನೇ ಅನುವಾದಿಸಬೇಕಾದ ಸ್ಥಿತಿ ಯಾವ ಮಗುವಿಗೂ ಬರಬಾರದು. ಆ ಕೆಲಸಕ್ಕೆ ವಯಸ್ಕರೊಬ್ಬರು ಬೇಕು. ಪದಗಳ ಅರ್ಥವೂ ಗಡಿ ದಾಟುವಾಗ ಬದಲಾಗುತ್ತದೆ. ಕನ್ನಡದ ‘ಬೇಜಾರು’ ದುಃಖ, ದಣಿವು, ಜಿಗುಪ್ಸೆ ಎಲ್ಲವನ್ನೂ ಒಳಗೊಂಡಿದೆ. ಚೆನ್ನೈನ ಆಡುಮಾತಿನಲ್ಲಿ ಅದೇ ಪದಕ್ಕೆ ಕಿರಿಕಿರಿ, ತಾಪತ್ರಯ ಎಂಬ ಅರ್ಥ. “ಮಗುವಿಗೆ ಬೇಜಾರು” ಎಂದು ಹೇಳಿ ನಿಲ್ಲಿಸದೆ, ಊಟ ಬಿಟ್ಟಿದೆಯೇ, ರಾತ್ರಿ ಅಳುತ್ತದೆಯೇ, ಗೆಳೆಯರನ್ನು ದೂರವಿಟ್ಟಿದೆಯೇ ಎಂದು ಕಂಡದ್ದನ್ನು ಕಂಡಂತೆ ವಿವರಿಸುವುದು ಉಪಯುಕ್ತ.

ತಜ್ಞರ ಅರ್ಹತೆಯನ್ನು ಕೇಳಲು ಸಂಕೋಚ ಬೇಡ. ಮನೋವೈದ್ಯರು ವೈದ್ಯಕೀಯ ಪದವಿ ಪಡೆದವರು, ಔಷಧ ಬರೆಯಬಲ್ಲವರು. ಚಿಕಿತ್ಸಾ ಮನಶ್ಶಾಸ್ತ್ರಜ್ಞರಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿಯನ್ನು ವಿಚಾರಿಸಬಹುದು. ‘ಆಪ್ತಸಲಹೆಗಾರ’ ಎಂಬ ನಾಮಫಲಕವೊಂದೇ ಅರ್ಹತೆಗೆ ಪುರಾವೆಯಲ್ಲ. ಶುಲ್ಕವೆಷ್ಟು, ಭೇಟಿ ತಪ್ಪಿದರೆ ಏನು, ಸುಮಾರು ಎಷ್ಟು ವಾರಗಳ ನಂತರ ಪ್ರಗತಿಯನ್ನು ಕುಳಿತು ಪರಿಶೀಲಿಸೋಣ ಎಂಬುದನ್ನೂ ಮೊದಲೇ ಮಾತನಾಡಿಕೊಳ್ಳಬೇಕು. ಖಾಸಗಿ ಶುಲ್ಕ ಭರಿಸಲಾರದವರಿಗೆ ಸರ್ಕಾರಿ ಆಸ್ಪತ್ರೆಗಳಿವೆ. ಮಾಂಬಲಂ ನಿಲ್ದಾಣದಿಂದ ಲೋಕಲ್ ರೈಲಿನಲ್ಲಿ ನಾಲ್ಕನೆಯ ನಿಲ್ದಾಣವಾದ ಎಗ್ಮೋರ್‌ನಲ್ಲಿ ಸರ್ಕಾರಿ ಮಕ್ಕಳ ಆಸ್ಪತ್ರೆಯೂ, ಕಿಲ್ಪಾಕ್‌ನಲ್ಲಿ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಯೂ ಇವೆ. ಕಿಲ್ಪಾಕ್ ಸಂಸ್ಥೆಯನ್ನು ಬಹುಕಾಲ ಮುನ್ನಡೆಸಿದ ಡಾ. ಶಾರದಾ ಮೆನನ್ ಮಂಗಳೂರಿನಲ್ಲಿ ಜನಿಸಿದವರೆಂಬುದನ್ನು ಕನ್ನಡಿಗರು ನೆನೆಯಬಹುದು. ಕನ್ನಡದಲ್ಲಿಯೇ ಮಾತನಾಡಬಯಸುವವರು 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆಮಾಡಬಹುದು.

ಚಿಕಿತ್ಸೆ ಆರಂಭವಾದ ಮೇಲೆ ಕೆಲವು ಮಕ್ಕಳು ಮೊದಲಿಗಿಂತ ಹೆಚ್ಚು ಸಿಟ್ಟಾಗುತ್ತಾರೆ, ಅಳುತ್ತಾರೆ. ಅದುಮಿಟ್ಟದ್ದು ಹೊರಬರುವಾಗ ಹೀಗಾಗುವುದುಂಟು. ಇದನ್ನು ಮುಚ್ಚಿಡದೆ ಮುಂದಿನ ಭೇಟಿಯಲ್ಲಿ ತಜ್ಞರಿಗೆ ತಿಳಿಸಬೇಕು. ಔಷಧವಿದ್ದರೆ ತಾವಾಗಿ ನಿಲ್ಲಿಸಬಾರದು. ತಜ್ಞರು ಹೊಂದಿಕೆಯಾಗದಿದ್ದರೆ ಬದಲಾಯಿಸುವುದರಲ್ಲಿ ತಪ್ಪಿಲ್ಲ. ಆದರೆ ಏಕಾಏಕಿ ನಿಲ್ಲಿಸದೆ, ಮಗುವಿಗೆ ಬೀಳ್ಕೊಡಲು ಒಂದು ಭೇಟಿಯ ಅವಕಾಶವಿತ್ತು, ಅದುವರೆಗಿನ ಚಿಕಿತ್ಸೆಯ ವಿವರವನ್ನು ಬರವಣಿಗೆಯಲ್ಲಿ ಕೇಳಿ ಪಡೆದು ಹೊಸಬರಿಗೆ ಒಪ್ಪಿಸಬೇಕು.