ಲಕ್ಷದ್ವೀಪಕ್ಕೆ ಹೋಗ್ತೀರಾ? ಈ ಬಣ್ಣದ ಹುಳ ಕಂಡ್ರೆ ಕೈ ಹಾಕ್ಬೇಡಿ

ಮಂಗಳೂರು: ಕಪ್ಪು ಮೈ, ಉದ್ದಕ್ಕೆ ತಿಳಿನೀಲಿ ಏಣುಗಳು, ಅದರ ಮೇಲೆ ಅರಿಶಿನ ಹಚ್ಚಿದ ಹಾಗೆ ಹಳದಿ ಗುಳ್ಳೆಗಳು. ಲಕ್ಷದ್ವೀಪದ ಹವಳದ ದಿಬ್ಬಗಳಲ್ಲಿ ಕಾಣಸಿಗುವ ಈ ಜೀವಿ ಎಷ್ಟು ಚೆಂದ ಅಂದ್ರೆ, ಬಾಟಲಿಗೆ ಹಾಕ್ಕೊಂಡು ಮನೆಗೆ ತರೋಣ ಅಂತ ಯಾರಿಗಾದ್ರೂ ಅನ್ನಿಸಬಹುದು. ತಂದರೆ ಟ್ಯಾಂಕಿನ ಮೀನು ಸಾಯಬಹುದು. ಗುರುತು ತಪ್ಪಿದರೆ ಜೈಲೂ ಆಗಬಹುದು.

ಲಕ್ಷದ್ವೀಪ ಮಂಗಳೂರಿಗೆ ಹೊಸದೇನಲ್ಲ. ಅಮಿನಿ, ಕಡಮತ್, ಕಿಲ್ತಾನ್ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಹಳೆ ಬಂದರಿನಿಂದ ಅಲ್ಲಿಗೆ ಮಂಜಿಗಳಲ್ಲಿ ಸಾಮಾನು ಹೋಗುತ್ತದೆ. ಹಾಗಾಗಿ ಈ ಹುಳದ ಪರಿಚಯ ಇರೋದು ಒಳ್ಳೆಯದು.

ಹೆಸರು ಫಿಲಿಡಿಯಾ ವೇರಿಕೋಸಾ. ಬಸವನಹುಳದ ಕುಲ, ಆದರೆ ಚಿಪ್ಪಿಲ್ಲ. 1801ರಲ್ಲಿ ಫ್ರಾನ್ಸಿನ ಲಮಾರ್ಕ್ ಇಟ್ಟ ಹೆಸರು. ಇಡೀ ದಿನ ಅಂಗಡಿಯಲ್ಲಿ ನಿಂತವರ ಕಾಲಲ್ಲಿ ನರ ಉಬ್ಬುವ ವೇರಿಕೋಸ್ ವೇನ್ಸ್ ಇದೆಯಲ್ಲ, ಅದೇ ಪದ. ಬೆನ್ನಿನ ಏಣು ನೋಡಿದರೆ ಯಾಕೆಂದು ಗೊತ್ತಾಗುತ್ತೆ.

ಗುರುತು ಹಿಡಿಯೋದು ಹೇಗೆ? ತಲೆಯ ಕಡೆ ಎರಡು ಹಳದಿ ಕೋಡುಗಳಿರುತ್ತವೆ. ಇಂಥ ಬೇರೆ ಹಲವು ಹುಳಗಳಿಗೆ ಬೆನ್ನ ಮೇಲೆ ಹೂವಿನಂತೆ ಕಿವಿರು ಇರುತ್ತೆ, ಇದಕ್ಕಿಲ್ಲ. ಮೈಯಂಚಿನ ಅಡಿಯಲ್ಲಿ ಅಡಗಿರುತ್ತೆ. ಹೊಟ್ಟೆಯ ಕೆಳಗಿನ ಪಾದದ ನಡುವೆ ಕಪ್ಪು ಗೆರೆ. ಇದನ್ನೇ ಹೋಲುವ ಫಿಲಿಡಿಯಾ ಸೆಲೆಸ್ಟಿಸ್‌ಗೆ ಆ ಗೆರೆ ಇಲ್ಲ.

ಹುಳ ತಿನ್ನೋದು ಸ್ಪಂಜು. ಸ್ಪಂಜಿನ ವಿಷವನ್ನು ಮೈಯಲ್ಲೇ ಕೂಡಿಟ್ಟುಕೊಂಡು, ಕೆಣಕಿದರೆ ಲೋಳೆಯ ಜೊತೆ ಬಿಡುತ್ತೆ. ಆ ಲೋಳೆ ಮೀನು, ಸಿಗಡಿ, ಏಡಿಗಳಿಗೆ ವಿಷ ಎಂದು ಆರ್.ಇ. ಜೋಹಾನ್ಸ್ ಹವಾಯಿಯಲ್ಲಿ ಕಂಡು 1963ರಲ್ಲಿ ಬರೆದರು. ಒಂದೇ ಬಕೆಟ್‌ನಲ್ಲಿ ಹುಳ, ಮೀನು ಎರಡನ್ನೂ ಹಾಕಿದರೆ ಮೀನಿನ ಗತಿ ಊಹಿಸಿಕೊಳ್ಳಿ.

ಇನ್ನು ಜೈಲಿನ ವಿಷಯ. ಪಿಯರ್ಸೊನೊಥೂರಿಯಾ ಗ್ರೇಫಿ ಎಂಬ ಸಮುದ್ರ ಸೌತೆಯ ಮರಿ ಥೇಟ್ ಈ ಹುಳದ ವೇಷ ಹಾಕುತ್ತೆ. ವಿಷದ ಹುಳ ಅಂದುಕೊಂಡು ಮೀನುಗಳು ಬಿಟ್ಟುಬಿಡಲಿ ಅಂತ. ಮೀನಷ್ಟೇ ಅಲ್ಲ, ಮನುಷ್ಯರೂ ಮೋಸ ಹೋಗ್ತಾರೆ. ಸಮುದ್ರ ಸೌತೆಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಶೆಡ್ಯೂಲ್‌ನಲ್ಲಿವೆ, ಅಂದರೆ ಹುಲಿ ಇರುವ ಪಟ್ಟಿಯಲ್ಲೇ. ಹಿಡಿದರೆ ಕನಿಷ್ಠ 3 ವರ್ಷ ಜೈಲು. ಹುಳ ಅಂದುಕೊಂಡಿದ್ದೆ ಸ್ವಾಮಿ ಅಂದರೆ ಕೇಸು ಬಿಡೋದಿಲ್ಲ.

ಮರಿ ಸೌತೆಗೆ ಆ ಎರಡು ಕೋಡುಗಳಿಲ್ಲ. ಫೋಟೊ ತೆಗೆಯೋದಾದರೆ ತಲೆಯ ಕಡೆಯಿಂದ ತೆಗೆಯಿರಿ, ಕೋಡು ಕಾಣಬೇಕು. ಪಾದದ ಗೆರೆ ನೋಡಲು ಮಗುಚಿ ಹಾಕೋಕೆ ಹೋಗಬೇಡಿ.